ಟೋಪಿ ಮೇಲೆ ಟ್ಯಾಕ್ಸ್: ನ್ಯೂಯಾರ್ಕಿನ 110 ಡಾಲರ್ ಗೆರೆ

ನಮ್ಮ ಜಿಎಸ್‌ಟಿ ನಿಮಗೆ ಗೊತ್ತೇ ಇದೆ: 2,500 ರೂಪಾಯಿ ತನಕದ ಅಂಗಿಗೆ 5%, ದಾಟಿದರೆ ಪೂರ್ತಿ ಬೆಲೆಗೆ 18%. ಇವತ್ತು ಅದರ ಅಣ್ಣನಂಥ ಒಂದು ನಿಯಮ ನೋಡೋಣ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹಸಿದಿಕ್ ಯಹೂದಿಗಳು ಬಹಳ ಜನ ಇದ್ದಾರೆ. ನೆತ್ತಿ ಮೇಲೆ ಪುಟ್ಟ ಟೋಪಿ, ಕಿಪ್ಪಾ. ಮದುವೆಯಾದ ಗಂಡಸರು ಸಬ್ಬತ್ ದಿನ, ಹಬ್ಬದ ದಿನ ತುಪ್ಪಳದ ದುಂಡು ಟೋಪಿ ಹಾಕ್ತಾರೆ, ಅದು ಶ್ಟ್ರೈಮೆಲ್. ಇವಕ್ಕೆ ತೆರಿಗೆ ಇದೆಯಾ? ಕಾನೂನು ಧರ್ಮ ನೋಡಲ್ಲ, ಬೆಲೆ ನೋಡುತ್ತೆ. ಒಂದು ಉಡುಪು 110 ಡಾಲರಿಗಿಂತ ಕಡಿಮೆ ಇದ್ದರೆ ಸೇಲ್ಸ್ ಟ್ಯಾಕ್ಸ್ ಸೊನ್ನೆ. 110 ಮುಟ್ಟಿತೋ, ಮೊದಲ ಡಾಲರಿನಿಂದಲೇ 8.875%! ಲೆಕ್ಕ ಬಿಲ್ಲಿಗಲ್ಲ, ಒಂದೊಂದು ವಸ್ತುವಿಗೆ. ಹಾಗಾಗಿ 60 ಡಾಲರಿನ ಎರಡು ಟೋಪಿ ತಗೊಂಡರೂ ತೆರಿಗೆ ಇಲ್ಲ.

ಶ್ಟ್ರೈಮೆಲ್ ಕಥೆ ಬೇರೆ. ಅದು ಸಾವಿರಾರು ಡಾಲರಿನದು. 3,000 ಅಂತಿಟ್ಟುಕೊಂಡರೆ ತೆರಿಗೆಯೇ 266 ಡಾಲರ್ ಚಿಲ್ಲರೆ. ವಾಡಿಕೆಯಲ್ಲಿ ಅಳಿಯನಿಗೆ ಅದನ್ನು ಕೊಡಿಸೋದು ಮಾವ (ಇಲ್ಲೂ ಹಾಗೇನಾ ಅನ್ನಬೇಡಿ!). ನಾಲ್ಕು ಹೆಣ್ಣುಮಕ್ಕಳ ತಂದೆಗೆ ತೆರಿಗೆ ಒಂದೇ ಸಾವಿರ ಡಾಲರ್ ದಾಟುತ್ತೆ.

ಧಾರ್ಮಿಕ ಉಡುಪು ಅಂತ ವಿನಾಯಿತಿ ಕೊಡಬಹುದಲ್ಲ? ಅಷ್ಟು ಸುಲಭ ಇಲ್ಲ. ಧಾರ್ಮಿಕ ಪತ್ರಿಕೆಗಳಿಗೆ ಮಾತ್ರ ಟೆಕ್ಸಸ್ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ರದ್ದು ಮಾಡಿತು. ಮರುವರ್ಷ, ಧಾರ್ಮಿಕ ಸಾಮಾನಿನ ಮಾರಾಟಕ್ಕೆ ಕ್ಯಾಲಿಫೋರ್ನಿಯಾ ಹಾಕಿದ ತೆರಿಗೆ ಸರಿಯೇ ಅಂತ ಒಮ್ಮತದಿಂದ ಹೇಳಿತು.

ನನಗೆ ಕೇಳಿದರೆ ಮಸಾಚುಸೆಟ್ಸ್ ದಾರಿ ವಾಸಿ. ಅಲ್ಲಿ 175 ಡಾಲರ್ ದಾಟಿದ ಭಾಗಕ್ಕಷ್ಟೇ 6.25%.