ನಿವೇಶನವೋ, ಷೇರೋ?

ಗೃಹಸ್ಥನಾದವನು ಸಂಸಾರದ ವೆಚ್ಚ ಕಳೆದು ನಾಲ್ಕು ಕಾಸು ಉಳಿಸಿದನೆಂದರೆ, ಅದನ್ನು ಎಲ್ಲಿಡಬೇಕೆಂಬ ಚಿಂತೆ ಅವನನ್ನು ಹಿಡಿಯುತ್ತದೆ. ಮನೆಯ ಹಿರಿಯರು “ಒಂದು ಸೈಟು ಕೊಂಡುಹಾಕು” ಎನ್ನುತ್ತಾರೆ. ಕಚೇರಿಯ ಗೆಳೆಯರು “ಷೇರು ಕೊಂಡುಕೊ” ಎನ್ನುತ್ತಾರೆ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ದೀರ್ಘಾವಧಿಯಲ್ಲಿ ಇವೆರಡರಲ್ಲಿ ಯಾವುದು ಸಂಪತ್ತನ್ನು ಹೆಚ್ಚಿಸೀತು, ಏಕೆ ಹೆಚ್ಚಿಸೀತು ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ಒಂದು ಮಾತನ್ನು ಬೇರ್ಪಡಿಸಿ ಇಡಬೇಕು. ವಾಸಕ್ಕೆಂದು ಕಟ್ಟಿಕೊಂಡ ಮನೆ ಈ ಚರ್ಚೆಗೆ ಸೇರಿದುದಲ್ಲ. ಅದು ಬಾಡಿಗೆಯನ್ನು ಉಳಿಸುತ್ತದೆ, ಮುಪ್ಪಿಗೆ ನೆಲೆಯಾಗುತ್ತದೆ. ಅದರ ಬೆಲೆ ಏರಿತೆಂದು ಮಾರಿ ಬೀದಿಗೆ ಬರುವವರಾರೂ ಇಲ್ಲ. ಇರಲು ಮನೆಯಾದ ಮೇಲೆ, ಲಾಭದ ದೃಷ್ಟಿಯಿಂದ ಕೊಳ್ಳತಕ್ಕ ಎರಡನೆಯ ನಿವೇಶನವನ್ನು ಕುರಿತದ್ದು ನಮ್ಮ ಮಾತು.

ನೆಲದ ಬೆಲೆ ಏರುವುದೇಕೆ? ಖಾಲಿ ನಿವೇಶನ ತಾನಾಗಿ ಏನನ್ನೂ ದುಡಿಯುವುದಿಲ್ಲ. ಅದರ ಸುತ್ತ ಜನರು ದುಡಿಯುತ್ತಾರೆ. ಆ ದುಡಿಮೆಯ ಒಂದಂಶ ನೆಲದ ಬೆಲೆಯಾಗಿ ಸೇರುತ್ತದೆ. ಬೆಂಗಳೂರಿನ ಜನಸಂಖ್ಯೆ ೨೦೦೧ರ ಜನಗಣತಿಯಲ್ಲಿ ಸುಮಾರು ೫೭ ಲಕ್ಷ. ೨೦೧೧ರಲ್ಲಿ ಸುಮಾರು ೮೫ ಲಕ್ಷ. ಹತ್ತು ವರ್ಷಗಳಲ್ಲಿ ಇಷ್ಟು ಜನ ಉದ್ಯೋಗವನ್ನರಸಿ ಬಂದು ಸೇರಿದ ಊರಿನಲ್ಲಿ ನೆಲ ತುಟ್ಟಿಯಾದುದು ಆಶ್ಚರ್ಯವಲ್ಲ. ಆದರೆ ಅಲ್ಲಿಂದ ನೂರು ಕಿಲೋಮೀಟರಿನಷ್ಟು ಪೂರ್ವಕ್ಕೆ ಕೋಲಾರದ ಚಿನ್ನದ ಗಣಿಯ ಊರಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ತಲಪಿದುದು ಆ ಊರಿಗೆ. ೨೦೦೧ರಲ್ಲಿ ಗಣಿಗಳು ಮುಚ್ಚಿದುವು. ಆಮೇಲೆ ಅಲ್ಲಿಯ ಜನ ಬೆಳಗಾಗುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವಂತಾಯಿತು. ಎರಡು ಕಡೆಯೂ ಮಣ್ಣು ಮಣ್ಣೇ. ದುಡಿಮೆ ಒಂದೆಡೆಗೆ ಬಂದಿತು, ಇನ್ನೊಂದೆಡೆಯಿಂದ ಹೋಯಿತು. ಆದಕಾರಣ ನಿವೇಶನ ಕೊಳ್ಳುವವನು ವಾಸ್ತವವಾಗಿ ಒಂದು ಊರಿನ, ಅದರಲ್ಲಿಯೂ ಒಂದು ಬೀದಿಯ ಭವಿಷ್ಯವನ್ನು ಕೊಳ್ಳುತ್ತಾನೆ.

ಷೇರೆಂದರೆ ನಡೆಯುತ್ತಿರುವ ಒಂದು ವ್ಯವಹಾರದಲ್ಲಿ ಪಾಲು. ಇದು ನಮ್ಮ ನಾಡಿಗೆ ಹೊಸದಲ್ಲ; ೧೯೧೩ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕಿಗೆ ಬಂಡವಾಳ ಕೂಡಿದುದು ಷೇರುಗಳಿಂದಲೇ. ಕಂಪೆನಿಯು ಗಳಿಸಿದ ಲಾಭದಲ್ಲಿ ಒಂದು ಭಾಗವನ್ನು ಪಾಲುಗಾರರಿಗೆ ಹಂಚಿ, ಉಳಿದುದನ್ನು ಮತ್ತೆ ವ್ಯವಹಾರದಲ್ಲಿ ತೊಡಗಿಸುತ್ತದೆ. ಹಾಗೆ ತೊಡಗಿಸಿದ ಲಾಭ ಮತ್ತೆ ಲಾಭವನ್ನು ಹೆರುತ್ತದೆ. ಚಕ್ರಬಡ್ಡಿಯ ಗುಣ ಷೇರಿಗೆ ಬಂದಿರುವುದು ಹೀಗೆ.

ಚಕ್ರಬಡ್ಡಿಯ ಲೆಕ್ಕಕ್ಕೆ ಒಂದು ಸುಲಭವಾದ ಸೂತ್ರವುಂಟು. ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ, ಹಣ ಇಮ್ಮಡಿಯಾಗುವ ವರ್ಷಗಳ ಸಂಖ್ಯೆ ಸುಮಾರಾಗಿ ದೊರೆಯುತ್ತದೆ. ಸೇಕಡಾ ೯ರಂತೆ ಬೆಳೆದ ಹಣ ೮ ವರ್ಷಕ್ಕೆ ಇಮ್ಮಡಿ. ೨೪ ವರ್ಷಕ್ಕೆ ಎಂಟು ಪಾಲು. ಸೇಕಡಾ ೧೨ರಂತೆ ಬೆಳೆದುದು ೬ ವರ್ಷಕ್ಕೆ ಇಮ್ಮಡಿ. ಅದೇ ೨೪ ವರ್ಷಕ್ಕೆ ಹದಿನಾರು ಪಾಲು. ದರದಲ್ಲಿ ಮೂರರ ಅಂತರ, ಫಲದಲ್ಲಿ ಎರಡರಷ್ಟು ಅಂತರ! “೧೦ ಲಕ್ಷಕ್ಕೆ ಕೊಂಡ ಸೈಟು ೨೪ ವರ್ಷಕ್ಕೆ ೮೦ ಲಕ್ಷವಾಯಿತು” ಎಂದು ಒಬ್ಬರು ಹೇಳಿದರೆ ನಾವು ಬೆರಗಾಗುತ್ತೇವೆ. ಲೆಕ್ಕ ಹಾಕಿದರೆ ಅದು ಸೇಕಡಾ ೯ ಮಾತ್ರ.

ಆ ಒಂಬತ್ತರಲ್ಲಿಯೂ ಕಳೆಯಬೇಕಾದುದುಂಟು. ಕರ್ನಾಟಕದಲ್ಲಿ ೪೫ ಲಕ್ಷಕ್ಕೆ ಮೇಲ್ಪಟ್ಟ ಕ್ರಯಕ್ಕೆ ಮುದ್ರಾಂಕ ಶುಲ್ಕ ಸೇಕಡಾ ೫; ನೋಂದಣಿ ಶುಲ್ಕ ೨೦೨೫ರ ಆಗಸ್ಟ್ ಕೊನೆಯಿಂದ ಸೇಕಡಾ ೨. ದಲ್ಲಾಳಿಯ ಹಣ, ವರ್ಷವರ್ಷದ ಕಂದಾಯ ಇವು ಬೇರೆ. ಖಾಲಿ ನಿವೇಶನದಿಂದ ಬಾಡಿಗೆಯಿಲ್ಲ. ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ, ನಗರಗಳಲ್ಲಿ ಅದು ಸಾಮಾನ್ಯವಾಗಿ ಮನೆಯ ಬೆಲೆಗೆ ಸೇಕಡಾ ಮೂರು ನಾಲ್ಕಕ್ಕೆ ಮೀರುವುದಿಲ್ಲ. ದುರಸ್ತಿ, ಸುಣ್ಣ ಬಣ್ಣಗಳ ವೆಚ್ಚ ಅದರಲ್ಲಿಯೇ ಆಗಬೇಕು.

ಷೇರಿನ ಪಕ್ಷದ ಲೆಕ್ಕವೇನು? ಮುಂಬಯಿ ಷೇರು ವಿನಿಮಯ ಕೇಂದ್ರದ ೩೦ ದೊಡ್ಡ ಕಂಪೆನಿಗಳ ಬೆಲೆಯನ್ನು ಅಳೆಯುವ ಸೂಚ್ಯಂಕಕ್ಕೆ ಸೆನ್ಸೆಕ್ಸ್ ಎಂದು ಹೆಸರು. ೧೯೭೮–೭೯ನೆಯ ಸಾಲಿನ ಬೆಲೆಯನ್ನು ೧೦೦ ಎಂದಿಟ್ಟುಕೊಂಡರೆ, ೨೦೨೪ರ ಕೊನೆಗೆ ಅದು ೭೮,೦೦೦ವನ್ನು ದಾಟಿತ್ತು. ವರ್ಷಕ್ಕೆ ಸೇಕಡಾ ಸುಮಾರು ೧೫ರಂತೆ ಚಕ್ರಬಡ್ಡಿ. ಪಾಲುಗಾರರಿಗೆ ಹಂಚಿದ ಲಾಭ ಇದಕ್ಕೆ ಸೇರಿಲ್ಲ. ಪದಾರ್ಥಗಳ ಬೆಲೆಯೇರಿಕೆಯನ್ನು ಕಳೆದರೆ ಉಳಿಯುವುದು ಎಷ್ಟೋ ಕಡಮೆಯೆಂಬುದನ್ನೂ, ಮುಂದಿನ ವರ್ಷಗಳು ಹಿಂದಿನವುಗಳಂತೆಯೇ ಇರಬೇಕೆಂಬ ನಿಯಮವಿಲ್ಲವೆಂಬುದನ್ನೂ ಮರೆಯಬಾರದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೂಚ್ಯಂಕದ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಕುಗ್ಗಿದ ಕಂಪೆನಿ ಹೊರಬಿದ್ದು, ಬೆಳೆದುದು ಒಳಬರುತ್ತದೆ. ಒಂದೇ ಕಂಪೆನಿಯನ್ನು ನೆಚ್ಚಿದವನಿಗೆ ಈ ರಕ್ಷಣೆಯಿಲ್ಲ. ೨೦೦೯ರ ಜನವರಿಯಲ್ಲಿ ಸತ್ಯಂ ಕಂಪೆನಿಯ ಅಧ್ಯಕ್ಷರು ಲೆಕ್ಕಪತ್ರಗಳು ಸುಳ್ಳೆಂದು ಒಪ್ಪಿಕೊಂಡ ದಿನ, ಅದರ ಷೇರಿನ ಬೆಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ದೇಶಕ್ಕೆ ದೇಶವೇ ಸೋತುದೂ ಉಂಟು. ಜಪಾನಿನ ಷೇರು ಸೂಚ್ಯಂಕ ೧೯೮೯ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದುದು ೨೦೨೪ರಲ್ಲಿ. ಆದರೆ ನೆಲವನ್ನು ನಂಬಿದವರೂ ಅಲ್ಲಿ ಪಾರಾಗಲಿಲ್ಲ. ೧೯೯೧ರಿಂದಾಚೆಗೆ ಆ ದೇಶದ ನೆಲದ ಬೆಲೆಯೂ ವರ್ಷಗಟ್ಟಲೆ ಇಳಿಯಿತು.

ಹೀಗಿರುವಲ್ಲಿ ನೆಲವೆಂದರೆ ಭದ್ರ, ಷೇರೆಂದರೆ ಜೂಜು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇಕೆ? ನಮ್ಮ ಮನೆಯಲ್ಲಿಯೇ ನಡೆದ ಎರಡು ಸಂಗತಿಗಳಿಂದ ಇದಕ್ಕೆ ಉತ್ತರ ಹೇಳುತ್ತೇವೆ.

ನಮ್ಮ ತಂದೆಯವರು ಶಾಲೆಯ ಉಪಾಧ್ಯಾಯರು. ೧೯೯೬ರಲ್ಲಿ ನಿವೃತ್ತಿಯ ಹಣವನ್ನೆಲ್ಲ ಕೊಟ್ಟು, ಊರ ಹೊರಗೆ ೩೦×೪೦ ಅಡಿಯ ನಿವೇಶನವೊಂದನ್ನು ಕೊಂಡರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ಕಳೆ ಕೀಳಿಸಿ, ನಾಲ್ಕು ಮೂಲೆಯ ಕಲ್ಲುಗಳನ್ನೂ ಮುಟ್ಟಿ ಬರುತ್ತಿದ್ದರು. “ಬೆಲೆ ಏರುತ್ತಿದೆ” ಎಂಬುದೊಂದೇ ಅವರ ಮಾತು. ೨೦೧೧ರಲ್ಲಿ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿ, ಮಾರಲು ಹೊರಟಾಗ ತಿಳಿದುಬಂದಿತು: ದಾಖಲೆಯಲ್ಲಿ ಅದು ಇನ್ನೂ ವ್ಯವಸಾಯದ ಜಮೀನು, ಭೂಪರಿವರ್ತನೆಯಾಗಿರಲಿಲ್ಲ, ಖಾತೆಯೂ ಇರಲಿಲ್ಲ. ಕೊಳ್ಳಲು ಬಂದವರು ಕಾಗದ ನೋಡಿ ಹಿಂದಿರುಗಿದರು. ನಿವೇಶನದ ಒಂದು ಮೂಲೆಯನ್ನು ಕತ್ತರಿಸಿ ಆಸ್ಪತ್ರೆಗೆ ಕಟ್ಟಲಾಗುವುದಿಲ್ಲ. ಕೈಸಾಲದಿಂದ ಚಿಕಿತ್ಸೆ ನಡೆಯಿತು. ಏಳು ತಿಂಗಳ ಮೇಲೆ, ಅಕ್ಕಪಕ್ಕದವರ ಬೆಲೆಯ ಅರ್ಧಕ್ಕೆ ಅದು ಹೋಯಿತು. ಹದಿನೈದು ವರ್ಷವೂ ಅದರ ನಿಜವಾದ ಬೆಲೆ ಅರ್ಧವೇ ಆಗಿದ್ದಿತು. ಹೇಳುವವರಿರಲಿಲ್ಲವಾಗಿ ತಂದೆಯವರು ನೆಮ್ಮದಿಯಿಂದಿದ್ದರು.

ಎರಡನೆಯದು ನಮ್ಮದೇ ತಪ್ಪು. ನಾವು ಅರ್ಥಶಾಸ್ತ್ರದ ಪಾಠ ಹೇಳುವವರು. ತಿಂಗಳಿಗಿಷ್ಟೆಂದು ಷೇರು ನಿಧಿಯಲ್ಲಿ ಹಣ ಕಟ್ಟುತ್ತಿದ್ದೆವು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನ ಭೀತಿಯಿಂದ ಬೆಲೆ ಕುಸಿಯತೊಡಗಿದಾಗ, ದಿನಕ್ಕೆ ಹತ್ತು ಬಾರಿ ಫೋನು ತೆರೆದು ನೋಡಿದೆವು. ಸೆನ್ಸೆಕ್ಸ್ ೨೬,೦೦೦ಕ್ಕೆ ಇಳಿದ ವಾರ ಧೈರ್ಯಗೆಟ್ಟು ಎಲ್ಲವನ್ನೂ ಮಾರಿದೆವು. ಮರುವರ್ಷದ ಜನವರಿಯಲ್ಲಿ ಅದು ೫೦,೦೦೦ವನ್ನು ಮುಟ್ಟಿತು. ತರಗತಿಯಲ್ಲಿ ಹೇಳಿದ ಪಾಠ ಮನೆಯಲ್ಲಿ ಉಪಯೋಗಕ್ಕೆ ಬರಲಿಲ್ಲ.

ತಂದೆಯವರು ದೋಷವುಳ್ಳ ವಸ್ತುವನ್ನು ಹದಿನೈದು ವರ್ಷ ಹಿಡಿದಿದ್ದರು; ನಾವು ಒಳ್ಳೆಯ ವಸ್ತುವನ್ನು ಮೂರು ವಾರ ಹಿಡಿಯಲಾರದೆ ಹೋದೆವು. ಭೇದವೆಲ್ಲಿ? ನೆಲದ ಬೆಲೆಯನ್ನು ದಿನವೂ ಕೂಗುವವರಿಲ್ಲ, ಷೇರಿನ ಬೆಲೆಯನ್ನು ಕ್ಷಣಕ್ಷಣಕ್ಕೂ ಕೂಗುತ್ತಾರೆ. ನೆಲದಿಂದ ಅನೇಕರು ಶ್ರೀಮಂತರಾದುದು ನಿಜ; ಅದರಲ್ಲಿ ನೆಲದ ಗುಣ ಎಷ್ಟೋ, ಮಾರದೆ ತಾಳಿದ ಗುಣವೂ ಅಷ್ಟೇ ಇದೆ. ಆ ತಾಳ್ಮೆಯನ್ನು ಹಲವು ಕಂಪೆನಿಗಳನ್ನು ಒಳಗೊಂಡ ಸೂಚ್ಯಂಕ ನಿಧಿಗೆ ತೋರಿದವನಿಗೆ, ಎರಡನೆಯ ನಿವೇಶನಕ್ಕಿಂತ ಹೆಚ್ಚಿನ ಫಲ ದೊರೆಯುವ ಸಂಭವವಿದೆಯೆಂಬುದು ನಮ್ಮ ಅಭಿಪ್ರಾಯ. ಬೇಕಾದಾಗ ಬೇಕಾದಷ್ಟನ್ನೇ ಮಾರಬಹುದು. ಮೂವರು ಮಕ್ಕಳಿಗೆ ಜಗಳವಿಲ್ಲದೆ ಸಮನಾಗಿ ಹಂಚಲೂಬಹುದು.

ಇನ್ನು ಆಚರಣೆಯ ಮಾತು. ಆರು ತಿಂಗಳ ವೆಚ್ಚವನ್ನೂ ಆಸ್ಪತ್ರೆಯ ವಿಮೆಯನ್ನೂ ಮೊದಲು ಪ್ರತ್ಯೇಕವಾಗಿಡಬೇಕು. ಹತ್ತು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿಗೆ ಹಾಕಬಾರದು. ಸಾಲ ಮಾಡಿ ಎರಡನ್ನೂ ಕೊಳ್ಳಬಾರದು: ೧೦ ಲಕ್ಷ ಸ್ವಂತದ್ದೂ ೪೦ ಲಕ್ಷ ಸಾಲದ್ದೂ ಹಾಕಿ ಕೊಂಡ ನಿವೇಶನದ ಬೆಲೆ ಐದರಲ್ಲೊಂದು ಪಾಲು ಇಳಿದರೆ, ಸ್ವಂತದ ೧೦ ಲಕ್ಷವೂ ಹೋಯಿತು. ನಿವೇಶನವನ್ನೇ ಕೊಳ್ಳುವುದಾದರೆ, ಮುಂಗಡ ಕೊಡುವ ಮುನ್ನ ಭೂಪರಿವರ್ತನೆಯ ಆದೇಶ, ಖಾತೆ, ಋಣಭಾರದ ಪತ್ರ, ಮೂಲಪತ್ರಗಳು ಇವನ್ನು ವಕೀಲರಿಗೆ ತೋರಿಸಬೇಕು. ಆ ವೆಚ್ಚವನ್ನು ಉಳಿಸಿದವರ ಮನೆಯಲ್ಲಿ ನಾವು ಬೆಳೆದೆವು.

ನಾವು ಮತ್ತೆ ತಿಂಗಳು ತಿಂಗಳೂ ಹಣ ಕಟ್ಟುತ್ತಿದ್ದೇವೆ. ಫೋನಿನಿಂದ ಬೆಲೆಯ ಪಟ್ಟಿಯನ್ನು ತೆಗೆದುಹಾಕಿದ್ದೇವೆ. ವರ್ಷಕ್ಕೊಮ್ಮೆ, ಯುಗಾದಿಯ ಮರುದಿನ, ಲೆಕ್ಕವನ್ನು ತೆರೆದು ನೋಡುತ್ತೇವೆ. ತಂದೆಯವರು ಕಲ್ಲು ಮುಟ್ಟಿ ಬರುತ್ತಿದ್ದಂತೆ ಒಮ್ಮೆ ನೋಡಿ, ಮತ್ತೆ ಮುಚ್ಚಿಡುತ್ತೇವೆ.