ಕರುಳಿನ ಕಾವಲು ಪಡೆಯ ಸಂಯಮ

ನಮ್ಮ ಬಡಾವಣೆಯ ಔಷಧದ ಅಂಗಡಿಯಲ್ಲಿ ಈಚೆಗೆ ಕಂಡ ಪ್ರಸಂಗವಿದು. ತಾಯಿಯೊಬ್ಬರು ಬಂದು, ‘ಮಗೂಗೆ ನಿನ್ನೆಯಿಂದ ಭೇದಿ. ಹೋದ ಸಲ ಕೊಟ್ಟಿದ್ರಲ್ಲ, ಅದೇ ಆ್ಯಂಟಿಬಯಾಟಿಕ್ ಕೊಡಿ’ ಎಂದರು. ವೈದ್ಯರ ಚೀಟಿಯ ಪ್ರಸ್ತಾಪವೇ ಬರಲಿಲ್ಲ. ಹಿಂದೆ ನಿಂತಿದ್ದ ನಾನೂ ಸುಮ್ಮನಿದ್ದೆ. ಆ ಮೌನ ಈಗ ನನ್ನನ್ನು ಚುಚ್ಚುತ್ತಿದೆ.

ಬ್ಯಾಕ್ಟೀರಿಯಾ ಎಂದರೆ ಶತ್ರು, ಕೊಂದರೆ ಕ್ಷೇಮ ಎಂಬುದು ನಮ್ಮ ರೂಢಿಗತ ನಂಬಿಕೆ. ನಮ್ಮ ಕರುಳು ಅದನ್ನು ಒಪ್ಪುವುದಿಲ್ಲ. 2016ರಲ್ಲಿ ಪ್ರಕಟವಾದ ಅಂದಾಜಿನಂತೆ ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಅವುಗಳಿಗೂ ನಮಗೂ ನಡುವೆ ಇರುವುದು ಲೋಳೆಯ ಹೊದಿಕೆ ಮತ್ತು ಒಂದೇ ಜೀವಕೋಶದಷ್ಟು ದಪ್ಪದ ಗೋಡೆ. ಗೋಡೆಯ ಒಳಬದಿಯಲ್ಲಿ ರೋಗನಿರೋಧಕ ಕೋಶಗಳ ದೊಡ್ಡ ಪಡೆಯೇ ಬೀಡುಬಿಟ್ಟಿದೆ.

ಈ ಪಡೆ ಕಂಡಕಂಡ ಬ್ಯಾಕ್ಟೀರಿಯಾದ ಮೇಲೆ ಸಮರ ಸಾರಿದರೆ ಕರುಳೇ ರಣರಂಗವಾದೀತು. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕಾಯಿಲೆಗಳಲ್ಲಿ ಬಹುಮಟ್ಟಿಗೆ ಆಗುವುದು ಅದೇ. ಆದ್ದರಿಂದಲೇ ಅಲ್ಲಿ ವಿಚಾರಣೆಗೆ ಮೊದಲ ಸ್ಥಾನ. ಡೆಂಡ್ರೈಟಿಕ್ ಕೋಶಗಳು ಬ್ಯಾಕ್ಟೀರಿಯಾದ ತುಣುಕುಗಳನ್ನು ಹಿಡಿದು ಟಿ ಕೋಶಗಳ ಮುಂದೆ ಹಾಜರುಪಡಿಸುತ್ತವೆ. ಪ್ಲಾಸ್ಮಾ ಕೋಶಗಳು ಪ್ರತಿದಿನ ಕೆಲವು ಗ್ರಾಂನಷ್ಟು ಐಜಿಎ ಪ್ರತಿಕಾಯವನ್ನು ಉತ್ಪಾದಿಸುತ್ತವೆ. ಅದರ ಮುಖ್ಯ ಕೆಲಸ ಕೊಲ್ಲುವುದಲ್ಲ, ಗೋಡೆಗೆ ಅಂಟದಂತೆ ತಡೆಯುವುದು. ಇನ್ನು ನಿಯಂತ್ರಕ ಟಿ ಕೋಶಗಳ ಹೊಣೆ, ಸ್ವಂತ ಪಡೆಯ ಅತಿರೇಕಕ್ಕೆ ಲಗಾಮು ಹಾಕುವುದು. ಈ ಕೋಶಗಳಿಗೆ ಸಂಬಂಧಿಸಿದ ಸಂಶೋಧನೆಗಾಗಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ದೊರೆಯಿತು.

ಸೋಜಿಗವೆಂದರೆ, ಈ ಸಂಯಮವನ್ನು ಕಲಿಸುವುದರಲ್ಲಿ ಬ್ಯಾಕ್ಟೀರಿಯಾಗಳದ್ದೂ ಪಾತ್ರವಿದೆ. ಕ್ಲಾಸ್ಟ್ರಿಡಿಯಾ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಇಲಿಗಳ ಕರುಳಿನಲ್ಲಿ ನಿಯಂತ್ರಕ ಕೋಶಗಳನ್ನು ಹೆಚ್ಚಿಸುತ್ತವೆಂದು ಜಪಾನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ನಾರಿನಂಶವನ್ನು ಹುದುಗಿಸಿ ಬ್ಯಾಕ್ಟೀರಿಯಾಗಳು ತಯಾರಿಸುವ ಬ್ಯುಟಿರೇಟ್ ಇದಕ್ಕೆ ನೆರವಾಗುತ್ತದೆಂಬುದು 2013ರಲ್ಲಿ ತಿಳಿಯಿತು. ರಾಗಿ, ಕಾಳು, ಸೊಪ್ಪು ಉಣ್ಣುವಾಗ ನಾವು ಈ ಒಕ್ಕಲುಗಳಿಗೂ ಉಣಿಸುತ್ತಿರುತ್ತೇವೆ.

ಆ್ಯಂಟಿಬಯಾಟಿಕ್‌ಗೆ ಇಂಥ ವಿವೇಚನೆಯಿಲ್ಲ. ಅದು ರೋಗಾಣುವಿನ ಜೊತೆಗೆ ನೆರೆಹೊರೆಯನ್ನೂ ಬರಿದು ಮಾಡುತ್ತದೆ. ಬದುಕುಳಿದವುಗಳಲ್ಲಿ ಔಷಧಕ್ಕೆ ಬಗ್ಗದವು ಬೆಳೆಯುತ್ತವೆ. ಪ್ರಾಣಾಪಾಯದ ಸೋಂಕಿನಲ್ಲಿ ಅದು ಸಂಜೀವಿನಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳ ಭೇದಿಗೆ ಅನೇಕ ವೇಳೆ ವೈರಸ್ ಕಾರಣ. ವೈರಸ್ಸಿನ ಮೇಲೆ ಈ ಔಷಧ ನಾಟುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಓಆರ್‌ಎಸ್ ಮತ್ತು ಸತುವಿನ ಮಾತ್ರೆಯನ್ನು. ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಸೊರಗಿದರೆ ವೈದ್ಯರಲ್ಲಿಗೆ ಒಯ್ಯಲೇಬೇಕು.

ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮಾರಬಾರದೆಂಬ ಕಾನೂನು ನಮ್ಮಲ್ಲಿದೆ. ಕೆಲವು ಪ್ರಬಲ ಔಷಧಗಳ ಮಾರಾಟವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕೆಂಬ ನಿಯಮವೂ 2014ರಿಂದ ಜಾರಿಯಲ್ಲಿದೆ. ಆಡಳಿತದಲ್ಲಿ ಆಯುಷ್ಯ ಕಳೆದ ನನಗೆ, ಕೊಳ್ಳುವವರೂ ಮಾರುವವರೂ ಒಂದಾದಾಗ ಇಂಥ ನಿಯಮ ಕಡತದಲ್ಲೇ ಉಳಿಯುತ್ತದೆಂಬುದು ಗೊತ್ತು. ಅಂದು ‘ಅಮ್ಮಾ, ಮೊದಲು ಡಾಕ್ಟರಿಗೆ ತೋರಿಸಿ’ ಎಂದು ನಾನಾದರೂ ಹೇಳಬೇಕಿತ್ತು.