ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಹೊತ್ತೆಷ್ಟು?

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಸಂಚಾರವನ್ನು ಆರಂಭಿಸಿತು. ಅದರ ಮೊದಲ ವೇಳಾಪಟ್ಟಿಯಂತೆ, ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ 5 ಗಂಟೆಗೆ ಅಲ್ಲಿ ಇಳಿಯಬಹುದು. ಹಾಗಾದರೆ ಪಯಣ ಬರೀ ಎರಡೂವರೆ ಗಂಟೆಯದೆ? ಜಿಗಣಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ನೇರ ಅಳತೆಯಲ್ಲಿ ಸುಮಾರು 47 ಕಿ.ಮೀ. ಮಾತ್ರ, ವಾಹನ ದಟ್ಟಣೆಯಲ್ಲಿ ಅಲ್ಲಿಗೆ ತಲಪಲು ಅಷ್ಟು ಹೊತ್ತು ಹಿಡಿದರೂ ಅಚ್ಚರಿಯಿಲ್ಲ!

ಭಾರತದ ಕಾಲಮಾನ ಗ್ರೀನ್‌ವಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ 8 ಗಂಟೆ ಹಿಂದಿರುತ್ತದೆ. ಈ 13 ಗಂಟೆ 30 ನಿಮಿಷಗಳನ್ನು ಕೂಡಿಸಿದಾಗ ಪಯಣದ ಅವಧಿ 16 ಗಂಟೆ. ಮರಳುವಾಗ ರಾತ್ರಿ 8.30ಕ್ಕೆ ಹೊರಟ ವಿಮಾನ ಮೂರನೆಯ ದಿನ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲಪಬೇಕಿತ್ತು. ಇಲ್ಲಿ ಅದೇ ವ್ಯತ್ಯಾಸವನ್ನು ಕಳೆಯಬೇಕು. ಉಳಿಯುವುದು 17 ಗಂಟೆ 45 ನಿಮಿಷ. ದಾರಿ ಅಷ್ಟೇ ಇರುವಾಗ ಒಂದೂ ಮುಕ್ಕಾಲು ಗಂಟೆ ಹೆಚ್ಚು ಏಕೆ? ಮೊದಲು ದೂರವನ್ನು ನೋಡೋಣ.

ತರಗತಿಯ ಗೋಡೆಯ ಮೇಲಿನ ಮರ್ಕೇಟರ್ ಭೂಪಟದಲ್ಲಿ ಪೆಸಿಫಿಕ್ ಸಾಗರದ ಮೂಲಕ ಎರಡೂ ಊರುಗಳನ್ನು ಸರಳರೇಖೆಯಿಂದ ಸೇರಿಸಿದರೆ ಆ ದಾರಿ ಸುಮಾರು 16,100 ಕಿ.ಮೀ. ಆದರೆ ಭೂಮಿ ಗೋಳ. ಗೋಳದ ಮೇಲೆ ಅತಿ ಕಡಿಮೆ ದೂರದ ದಾರಿಯೆಂದರೆ ಮಹಾವೃತ್ತದ ಕಂಸ, ಅಂದರೆ ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಭಾಗ. ಅದು ಭೂಕೇಂದ್ರದಲ್ಲಿ ಮಾಡುವ ಕೋನವನ್ನು ಹೀಗೆ ಪಡೆಯಬಹುದು:

ಕೊಸೈನ್ (ಕೇಂದ್ರ ಕೋನ) = ಎರಡೂ ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧ + (ಅವುಗಳ ಕೊಸೈನ್‌ಗಳ ಗುಣಲಬ್ಧ × ರೇಖಾಂಶ ವ್ಯತ್ಯಾಸದ ಕೊಸೈನ್)

ಅಕ್ಷಾಂಶಗಳು 13.2° ಉತ್ತರ ಮತ್ತು 37.6° ಉತ್ತರ, ರೇಖಾಂಶಗಳು 77.7° ಪೂರ್ವ ಮತ್ತು 122.4° ಪಶ್ಚಿಮ. ರೇಖಾಂಶಗಳ ಮೊತ್ತ 200.1°, ಹತ್ತಿರದ ಬದಿಯಿಂದ ವ್ಯತ್ಯಾಸ 159.9°. ಬೆಲೆಗಳನ್ನು ಆದೇಶಿಸಿದರೆ 0.139 − 0.724 = −0.585, ಅಂದರೆ 125.8°. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ದೂರ ಸುಮಾರು 13,990 ಕಿ.ಮೀ. ಭೂಪಟದ ಸರಳರೇಖೆಗಿಂತ 2,100 ಕಿ.ಮೀ. ಕಡಿಮೆ! ಗೋಳಕ್ಕೆ ದಾರ ಬಿಗಿದು ನೋಡಿ. ಅದು ಸುಮಾರು 71° ಉತ್ತರ ಅಕ್ಷಾಂಶದವರೆಗೆ, ಪೂರ್ವ ಸೈಬೀರಿಯದ ಕಡಲತೀರದವರೆಗೆ ಏರುತ್ತದೆ.

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸಿ ತಂದರು. ಧ್ರುವದ ಮೂಲಕ ಲೆಕ್ಕ ಬಹಳ ಸುಲಭ: ಹತ್ತಲು 52.4°, ಇಳಿಯಲು 76.8°, ಒಟ್ಟು 129.2°. ಎಂದರೆ 14,370 ಕಿ.ಮೀ., ಸುಮಾರು 380 ಕಿ.ಮೀ. ಹೆಚ್ಚು. ರೇಖಾಂಶ ವ್ಯತ್ಯಾಸ 180° ಇದ್ದಿದ್ದರೆ ಧ್ರುವದ ದಾರಿಯೇ ಅತಿ ಹತ್ತಿರದ್ದಾಗುತ್ತಿತ್ತು.

ಸುತ್ತಾದ ದಾರಿಯೂ ಲಾಭವಾಗುವುದಕ್ಕೆ ಒಂದು ಮುಖ್ಯ ಕಾರಣ ಗಾಳಿ. ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು 10 ಕಿ.ಮೀ. ಎತ್ತರದಲ್ಲಿ, ಜೆಟ್ ಪ್ರವಾಹಗಳು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತವೆ. ಅಮೆರಿಕಕ್ಕೆ ಪೆಸಿಫಿಕ್ ಮೇಲೆ ಹೋಗುವವರಿಗೆ ಅವು ಬೆನ್ನ ಗಾಳಿ. ಬರುವವರಿಗೆ ಎದುರು ಗಾಳಿ. ವಿಮಾನದ ವೇಗ ಗಾಳಿಗೆ ಸಾಪೇಕ್ಷವಾಗಿ ಗಂಟೆಗೆ 900 ಕಿ.ಮೀ., ದಾರಿಯುದ್ದಕ್ಕೂ ಗಾಳಿಯ ಸರಾಸರಿ ನೆರವು ಅಥವಾ ತಡೆ 50 ಕಿ.ಮೀ. ಎಂದಿಟ್ಟುಕೊಳ್ಳಿ. 14,000 ಕಿ.ಮೀ.ಗೆ ಹೋಗುವಾಗ 14.7 ಗಂಟೆ, ಬರುವಾಗ 16.5 ಗಂಟೆ. ವ್ಯತ್ಯಾಸ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಗಂಟೆ! ವೇಳಾಪಟ್ಟಿಯಲ್ಲಿ ಇದಕ್ಕಿಂತ ಒಂದು ಗಂಟೆಗೂ ಮಿಕ್ಕಿ ಕಾಣುವ ಹೊತ್ತು ನೆಲದ ಮೇಲಿನ ಓಡಾಟ, ಏರಿಳಿತ ಮತ್ತು ದಾರಿಯ ಬಳಸಾಟಕ್ಕೆ ಸಲ್ಲುತ್ತದೆ.